ಏಳು ದಿನದ ನಂತರ ಮರಳಿದ ತಲೆ: ಇತಿಹಾಸದ ಓದಿನಲ್ಲಿ ಪವಾಡಕ್ಕೆ ಜಾಗ ಎಲ್ಲಿ?

ಕಳೆದ ಶ್ರಾವಣದಲ್ಲಿ ನಮ್ಮ ಮಹಿಳಾ ವೇದಿಕೆಯ ಓದಿನ ಕೂಟದಲ್ಲಿ ನನ್ನ ಸರದಿ ಇತ್ತು. ನಾನು ಇತಿಹಾಸವನ್ನು ಕಾಲೇಜಿನಲ್ಲಿ ಓದಿದವಳಲ್ಲ. ಎಂ.ಟೆಕ್ ಮುಗಿಸಿ ಸಾಫ್ಟ್‌ವೇರ್ ಕೆಲಸ ಹಿಡಿದವಳು. ಶಾಸನಗಳ ಓದು ಶನಿವಾರ, ಭಾನುವಾರದ ಹವ್ಯಾಸ. ಅಂದು ನಾನು ಆರಿಸಿಕೊಂಡದ್ದು ಹಾವೇರಿ ಜಿಲ್ಲೆ ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಒಂದು ಶಾಸನ. ಸರ್ವಜ್ಞನ ಊರು ಎಂದು ನಮ್ಮಲ್ಲಿ ಹಲವರು ಕೇಳಿರುವ ಅದೇ ಅಬಲೂರು. ಏಕಾಂತದ ರಾಮಯ್ಯ ಎಂಬ ಶಿವಭಕ್ತ ತನ್ನ ತಲೆಯನ್ನು ತಾನೇ ಕತ್ತರಿಸಿ ಶಿವನಿಗೆ ಒಪ್ಪಿಸಿ, ಏಳು ದಿನಗಳ ನಂತರ ಅದನ್ನು ಮರಳಿ ಪಡೆದ ಎಂದು ಆ ಕಲ್ಲಿನಲ್ಲಿ ಕೆತ್ತಿದ್ದಾರೆ.

ನಾನು ಮಾತು ಮುಗಿಸಿದ ಮೇಲೆ ನಮ್ಮ ಕೂಟದ ಹಿರಿಯರೊಬ್ಬರು ಬಾಯಿ ತೆರೆದರು. ಹಾವೇರಿ ಕಡೆಯವರು, ನಾವೆಲ್ಲ ಅವರನ್ನು ಅವ್ವಾ ಎಂದೇ ಕರೆಯುವುದು. "ಅಲ್ಲ ತಂಗಿ, ನಮ್ಮವ್ವ ಈ ಕತಿ ಹೇಳೋವಾಗ ಕೈ ಮುಗದು ಹೇಳ್ತಿದ್ದಳು. ನೀ ಓದಿದಾಕಿ. ಇದು ಖರೇನೋ ಸುಳ್ಳೋ, ಒಂದು ಮಾತಿನಾಗ ಹೇಳಿಬಿಡು" ಎಂದರು.

ಒಂದು ಮಾತಿನಲ್ಲಿ ಹೇಳಲು ನನಗಾಗಲಿಲ್ಲ. "ಅವ್ವಾ, ಬರೆದು ಕೊಡ್ತೀನಿ" ಎಂದು ಜಾರಿಕೊಂಡೆ. ಈ ಲೇಖನ ಆ ಬಾಕಿ ತೀರಿಸುವ ಪ್ರಯತ್ನ. ಪ್ರಶ್ನೆ ಅವರೊಬ್ಬರದೇ ಅಲ್ಲ. ಧರ್ಮಗ್ರಂಥಗಳನ್ನು, ಪುರಾಣಗಳನ್ನು, ಶರಣರ ಚರಿತ್ರೆಗಳನ್ನು ವಿದ್ವಾಂಸರು ಅಭ್ಯಾಸ ಮಾಡುವಾಗ "ಇದು ದೈವದಿಂದ ಆಯಿತು" ಎಂಬ ಕಾರಣವನ್ನು ಒಪ್ಪಬಹುದೇ, ಒಪ್ಪಬಾರದೇ ಎಂಬುದು ವಿಶ್ವವಿದ್ಯಾಲಯಗಳಲ್ಲೂ ಮನೆಗಳಲ್ಲೂ ಬಗೆಹರಿಯದೆ ಉಳಿದಿರುವ ಪ್ರಶ್ನೆ.

ಕಲ್ಲು ಹೇಳುವ ಕಥೆ

ಶಾಸನದ ಕಥೆಯನ್ನು ಮೊದಲು ನೇರವಾಗಿ ಹೇಳಿಬಿಡುತ್ತೇನೆ. ರಾಮಯ್ಯ ಹುಟ್ಟಿದ್ದು ಆಳಂದೆಯಲ್ಲಿ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಆಳಂದದಲ್ಲಿ. ತಂದೆ ಪುರುಷೋತ್ತಮ ಭಟ್ಟ. ಶಿವನನ್ನು ಬಿಟ್ಟು ಬೇರೇನನ್ನೂ ನೆನೆಯದ ಏಕನಿಷ್ಠೆಯಿಂದ ಅವನಿಗೆ ಏಕಾಂತದ ರಾಮಯ್ಯ ಎಂಬ ಹೆಸರು ಬಂತು. ಕ್ಷೇತ್ರಗಳನ್ನು ಸುತ್ತುತ್ತ ಅವನು ಪುಲಿಗೆರೆಗೆ ಬಂದ. ಅದು ಇಂದಿನ ಲಕ್ಷ್ಮೇಶ್ವರ. ಅಲ್ಲಿಯ ಸೋಮನಾಥ ದೇವರು ಅವನಿಗೆ ಅಬ್ಬಲೂರಿಗೆ ಹೋಗು ಎಂದು ಅಪ್ಪಣೆ ಕೊಟ್ಟಿತು.

ಅಬ್ಬಲೂರಿನಲ್ಲಿ ಊರಗೌಡ ಸಂಕಗಾವುಂಡ ಮತ್ತು ಜೈನರ ಜೊತೆ ವಾದ ಹತ್ತಿತು. ಜಿನ ದೊಡ್ಡವನೋ ಶಿವ ದೊಡ್ಡವನೋ ಎಂಬ ಮಾತು ಪಣಕ್ಕೆ ಬಂತು. ತಲೆ ಕತ್ತರಿಸಿಕೊಂಡು ಶಿವನಿಂದ ಮರಳಿ ಪಡೆದರೆ ನಾವು ಜಿನಬಿಂಬವನ್ನು ತೆಗೆದು ಶಿವನನ್ನು ಪ್ರತಿಷ್ಠೆ ಮಾಡುತ್ತೇವೆ ಎಂದು ಜೈನರು ಓಲೆ ಬರೆದುಕೊಟ್ಟರು. ರಾಮಯ್ಯ ತಲೆ ಕತ್ತರಿಸಿ ಶಿವನ ಪಾದದಲ್ಲಿಟ್ಟ. ಏಳು ದಿನಗಳ ನಂತರ ಒಂದು ಗಾಯದ ಗುರುತೂ ಇಲ್ಲದಂತೆ ಎದ್ದು ಬಂದ. ಆದರೆ ಜೈನರು ಮಾತಿಗೆ ತಪ್ಪಿದರು. ಕಾವಲಿಗಿದ್ದ ಆಳುಗಳನ್ನೂ ಕುದುರೆಗಳನ್ನೂ ಚದುರಿಸಿ ರಾಮಯ್ಯ ಜಿನಬಿಂಬವನ್ನು ಒಡೆದ.

ದೂರು ಬಿಜ್ಜಳನ ಬಳಿಗೆ ಹೋಯಿತು. ರಾಮಯ್ಯ ಓಲೆಯನ್ನು ತೋರಿಸಿದ; ಬಸದಿಗಳನ್ನು ಪಣಕ್ಕಿಟ್ಟರೆ ಇನ್ನೊಮ್ಮೆ ಮಾಡಿ ತೋರಿಸುತ್ತೇನೆ ಎಂದ. ಜೈನರು ಒಪ್ಪಲಿಲ್ಲ. ಬಿಜ್ಜಳ ರಾಮಯ್ಯನಿಗೆ ಜಯಪತ್ರ ಕೊಟ್ಟು, ದೇವಾಲಯಕ್ಕೆ ಗೋಗಾವೆ ಎಂಬ ಹಳ್ಳಿಯನ್ನು ದತ್ತಿ ಬಿಟ್ಟ. ಮುಂದೆ ಚಾಲುಕ್ಯರ ನಾಲ್ಕನೆಯ ಸೋಮೇಶ್ವರ ಅಬ್ಬಲೂರನ್ನೇ ಕೊಟ್ಟ. ಹಾನಗಲ್ಲಿನ ಕದಂಬ ಕಾಮದೇವ ಮಲ್ಲವಳ್ಳಿಯನ್ನು ಕೊಟ್ಟ.

ಶಾಸನಕ್ಕೆ ತೇದಿ ಇಲ್ಲ. ಕಾಮದೇವನ ಕಾಲದಿಂದ ಲೆಕ್ಕ ಹಾಕಿ ಸುಮಾರು 1200ರದು ಎನ್ನುತ್ತಾರೆ. ಬಿಜ್ಜಳನ ಆಳ್ವಿಕೆ ಮುಗಿದದ್ದು 1167ರ ಸುಮಾರಿಗೆ. ಅಂದರೆ ಘಟನೆ ನಡೆದು ಒಂದು ತಲೆಮಾರು ಕಳೆದ ಮೇಲೆ ಈ ಕಲ್ಲು ಕೆತ್ತಿದ್ದು. ಈ ಪ್ರಸಂಗವನ್ನು ತೋರಿಸುವ ಶಿಲ್ಪಗಳೂ, ಇದೇ ಆ ಜಾಗ ಎಂದು ಹೇಳುವ ಚಿಕ್ಕ ಬರಹಗಳೂ ಅಬಲೂರಿನ ದೇವಾಲಯದಲ್ಲಿವೆ.

ಪುರಾಣದಲ್ಲಿ ಪವಾಡ ಬಂದರೆ ನಮಗೆ ಆಶ್ಚರ್ಯವಿಲ್ಲ. ಇಲ್ಲಿ ತೊಡಕು ಏನೆಂದರೆ ಇದು ಪುರಾಣವಲ್ಲ, ದಾನಶಾಸನ. ಬಿಜ್ಜಳ, ಸೋಮೇಶ್ವರ, ಕಾಮದೇವ ಮೂವರೂ ಆಳಿದವರು. ಹಳ್ಳಿಗಳ ಹೆಸರು, ನಾಡುಗಳ ಹೆಸರು ಎಲ್ಲವೂ ಬೇರೆ ಶಾಸನಗಳ ಜೊತೆ ತಾಳೆ ಹಾಕಬಹುದಾದವು. ಅವುಗಳ ನಡುವೆ, ಅದೇ ಅಕ್ಷರದಲ್ಲಿ, ಅದೇ ಖಚಿತ ದನಿಯಲ್ಲಿ ಕತ್ತರಿಸಿದ ತಲೆ ಕೂಡಿಕೊಂಡದ್ದೂ ಇದೆ. ರಾಜರನ್ನು ನಂಬಿ ತಲೆಯನ್ನು ಬಿಡುವುದು ಯಾವ ನ್ಯಾಯ?

ಎರಡು ಸುಲಭದ ದಾರಿಗಳು

ಮೊದಲನೆಯ ದಾರಿ ಭಕ್ತರದು. ಕಲ್ಲಿನಲ್ಲಿ ಬರೆದಿದೆ, ರಾಜರು ಊರು ಕೊಟ್ಟಿದ್ದಾರೆ, ಹಾಗಾದರೆ ನಡೆದಿರಲೇಬೇಕು. ಎರಡನೆಯದು ನಮ್ಮಂಥ ಓದಿದವರಿಗೆ ಇಷ್ಟವಾಗುವ ದಾರಿ. ತಲೆ ಕತ್ತರಿಸಿರಲಿಕ್ಕಿಲ್ಲ, ಕುತ್ತಿಗೆಗೆ ಗಾಯ ಮಾಡಿಕೊಂಡಿರಬೇಕು, ಏಳು ದಿನ ಉಪವಾಸ ಮಲಗಿರಬೇಕು, ಕಣ್ಕಟ್ಟು ಇರಬೇಕು. ನಮ್ಮ ಕೂಟದಲ್ಲೂ ಅಂದು ಇಂಥ ಮೂರು ನಾಲ್ಕು ಊಹೆಗಳು ಬಂದವು. ಹೊಸ ಊಹೆ ಬಂದಂತೆಲ್ಲ ನಾವು ತುಂಬ ವೈಜ್ಞಾನಿಕವಾಗಿ ಯೋಚಿಸುತ್ತಿದ್ದೇವೆ ಎನ್ನಿಸುತ್ತಿತ್ತು.

ಮನೆಗೆ ಬಂದು ಯೋಚಿಸಿದಾಗ ಈ ಎರಡನೆಯ ದಾರಿಯೂ ಮೊದಲನೆಯದರಷ್ಟೇ ಪೊಳ್ಳು ಎಂದು ಕಂಡಿತು. ಕುತ್ತಿಗೆಯ ಗಾಯಕ್ಕೆ ಶಾಸನದಲ್ಲಿ ಆಧಾರ ಎಲ್ಲಿದೆ? ಕಣ್ಕಟ್ಟಿಗೆ ಎಲ್ಲಿದೆ? ಇಲ್ಲ. ಪವಾಡವನ್ನು ತೆಗೆದು ಆ ಖಾಲಿ ಜಾಗಕ್ಕೆ ನಾವೇ ಒಂದು ಚಿಕ್ಕ ಕಥೆ ಕಟ್ಟಿದ್ದೆವು. ಅದರಲ್ಲಿ ದೇವರಿಲ್ಲ ಎಂಬುದನ್ನು ಬಿಟ್ಟರೆ ಅದೂ ಕಟ್ಟುಕಥೆಯೇ.

ನನ್ನ ಕೆಲಸದಲ್ಲಿ ರಾತ್ರಿ ಯಾವುದಾದರೂ ಸರ್ವರ್ ನಿಂತುಹೋದರೆ ಮರುದಿನ ಕಾರಣ ಬರೆದು ಕೊಡಬೇಕು. "ಕಾರಣ ಇನ್ನೂ ಸಿಕ್ಕಿಲ್ಲ, ನಮಗೆ ಗೊತ್ತಿರುವುದು ಇಷ್ಟು" ಎಂದು ಬರೆದರೆ ಬೈಗುಳ ತಿನ್ನಬೇಕಾದರೂ ವರದಿ ಒಪ್ಪಿಗೆಯಾಗುತ್ತದೆ, ಹುಡುಕಾಟ ಮುಂದುವರಿಯುತ್ತದೆ. ತೋಚಿದ ಒಂದು ಕಾರಣ ಬರೆದು ಮುಗಿಸಿದರೆ ಅಂದಿಗೆ ಪಾರಾಗಬಹುದು, ಆದರೆ ಹುಡುಕಾಟ ಅಲ್ಲಿಗೆ ನಿಲ್ಲುತ್ತದೆ. ದೈವವನ್ನು ಕಾರಣವಾಗಿ ಬರೆದರೂ ಹೀಗೇ. ಆಧಾರವಿಲ್ಲದ ಕಣ್ಕಟ್ಟನ್ನು ಕಾರಣವಾಗಿ ಬರೆದರೂ ಹೀಗೇ.

ಫ್ಲೀಟ್ ಮಾಡಿದ್ದು, ಫ್ಲೀಟ್ ತಪ್ಪಿದ್ದು

ಈ ಶಾಸನವನ್ನು ಓದಿ ಅನುವಾದಿಸಿ ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ (1898-99) ಪ್ರಕಟಿಸಿದವರು ಜಾನ್ ಫೇತ್‌ಫುಲ್ ಫ್ಲೀಟ್. ಆಗ ಅಬಲೂರು ಧಾರವಾಡ ಜಿಲ್ಲೆಯಲ್ಲಿತ್ತು. ಧಾರವಾಡವೂ ನಾವಿರುವ ಪುಣೆಯೂ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. ಫ್ಲೀಟ್ ಆ ಪ್ರಾಂತ್ಯದ ಅಧಿಕಾರಿ. ಕನ್ನಡ ಜಿಲ್ಲೆಗಳ ರಾಜವಂಶಗಳ ಬಗ್ಗೆ ದೊಡ್ಡ ಗ್ರಂಥ ಬರೆದವರು.

ಫ್ಲೀಟ್ ಅವರು ಪವಾಡದ ಭಾಗವನ್ನು ಬಿಟ್ಟು ಪ್ರಕಟಿಸಲಿಲ್ಲ. ಪೂರ್ತಿ ಪಾಠ ಕೊಟ್ಟರು, ಪೂರ್ತಿ ಅನುವಾದ ಕೊಟ್ಟರು. ತಲೆ ಕೂಡಿಕೊಂಡದ್ದನ್ನು ಇತಿಹಾಸ ಎಂದು ಅವರು ತೆಗೆದುಕೊಳ್ಳಲಿಲ್ಲ. ಆದರೆ ರಾಮಯ್ಯ ಎಂಬ ವ್ಯಕ್ತಿ ಇದ್ದ, ಬಿಜ್ಜಳನ ಕಾಲದಲ್ಲಿದ್ದ, ಶೈವರ ಹೊಸ ಹುರುಪಿನ ಮುಂದಾಳಾಗಿದ್ದ ಎಂದು ಈ ಕಲ್ಲಿನ ಆಧಾರದ ಮೇಲೆ ಹೇಳಿದರು. ಅಲ್ಲಿಂದ ಇನ್ನೂ ಒಂದು ಹೆಜ್ಜೆ ಹೋದರು. ಅಷ್ಟು ಹತ್ತಿರದ ಕಾಲದ ಈ ಶಾಸನದಲ್ಲಿ ಬಸವಣ್ಣನವರ ಹೆಸರೇ ಇಲ್ಲ. ಬಸವಣ್ಣನವರ ಕಥೆ ಬರುವುದು ಬಹಳ ನಂತರದ ಪುರಾಣಗಳಲ್ಲಿ. ಹಾಗಾದರೆ ಆ ಚಳವಳಿಯ ನಿಜವಾದ ನಾಯಕ ರಾಮಯ್ಯನೇ ಇರಬೇಕು ಎಂಬ ಕಡೆಗೆ ಅವರು ವಾಲಿದರು.

ಈ ಕೊನೆಯ ತೀರ್ಮಾನ ನಿಲ್ಲಲಿಲ್ಲ. ಒಂದು ಕಲ್ಲಿನಲ್ಲಿ ಒಬ್ಬರ ಹೆಸರಿಲ್ಲ ಎಂದರೆ ಅವರೇ ಇರಲಿಲ್ಲ ಎಂದಾಗುವುದಿಲ್ಲ. ಮುಂದೆ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಶಾಸನ ಬೆಳಕಿಗೆ ಬಂತು. 1260ರ ಆ ಶಾಸನದಲ್ಲಿ ಬಾಗೇವಾಡಿಯ ಮಾದಿರಾಜನ ಮಗ ಬಸವ ಇದ್ದಾನೆ. ಫ. ಗು. ಹಳಕಟ್ಟಿಯವರು ಊರೂರು ಅಲೆದು ಓಲೆಗರಿಗಳನ್ನು ಕೂಡಿಸಿ 1923ರಿಂದ ವಚನಗಳನ್ನು ಅಚ್ಚು ಹಾಕಿಸಿದರು. ಫ್ಲೀಟ್ ನೋಡದಿದ್ದ ಆಧಾರಗಳು ಒಂದೊಂದಾಗಿ ಬಂದು ಅವರ ಮಾತನ್ನು ತಿದ್ದಿದವು.

ನನ್ನ ಉತ್ತರದ ತಿರುಳು ಇಲ್ಲಿದೆ. ಫ್ಲೀಟ್ ತಪ್ಪಿದರು, ಆ ತಪ್ಪನ್ನು ಇನ್ನೊಂದು ಕಲ್ಲು ತೋರಿಸಿಕೊಟ್ಟಿತು. ಅವರು ಹೇಳಿದ್ದು ತಪ್ಪೆಂದು ತೋರಿಸಲು ಸಾಧ್ಯವಾಗುವಂಥ ಮಾತಾಗಿತ್ತು, ಅದಕ್ಕೇ ಆ ವಿದ್ಯೆ ಮುಂದಕ್ಕೆ ಹೋಯಿತು. ಅದರ ಬದಲು "ಶಿವನ ಇಚ್ಛೆಯಿಂದ ಶೈವಧರ್ಮ ಎದ್ದಿತು" ಎಂದು ಅವರು ಬರೆದಿದ್ದರೆ, ಅರ್ಜುನವಾಡದ ಕಲ್ಲು ಸಿಕ್ಕರೂ ಸಿಗದಿದ್ದರೂ ಆ ವಾಕ್ಯಕ್ಕೆ ಏನೂ ಆಗುತ್ತಿರಲಿಲ್ಲ. ಅದನ್ನು ಯಾವ ಕಲ್ಲೂ ಬಲಪಡಿಸಲಾರದು, ಯಾವ ಕಲ್ಲೂ ತಿದ್ದಲಾರದು. ಭಕ್ತಿಯಲ್ಲಿ ಅಂಥ ಮಾತಿಗೆ ಬೆಲೆ ಇರಬಹುದು. ಹೊಸ ಆಧಾರ ಬಂದಾಗ ಹಳೆಯ ಮಾತನ್ನು ತಿದ್ದಿಕೊಳ್ಳುವುದೇ ಬದುಕಾಗಿರುವ ವಿದ್ಯೆಗೆ ಅದರಿಂದ ಉಪಯೋಗವಿಲ್ಲ.

ಯಾರ ಪವಾಡವನ್ನು ನಂಬುವುದು?

ಎರಡನೆಯ ಕಾರಣ ಇನ್ನೂ ಸರಳ. ಪವಾಡ ಒಂದೇ ಮತದವರ ಸೊತ್ತಲ್ಲ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿ 1129ರ ಮಲ್ಲಿಷೇಣ ಪ್ರಶಸ್ತಿ ಇದೆ. ಸಮಾಧಿಮರಣ ಹೊಂದಿದ ಮಲ್ಲಿಷೇಣ ಮಲಧಾರಿದೇವರ ನೆನಪಿಗೆ ಬರೆಸಿದ ಶಾಸನ. ಅದರಲ್ಲಿ ಹಿಂದಿನ ಜೈನ ಗುರುಗಳ ಸಾಲಿನಲ್ಲಿ ಅಕಲಂಕನೂ ಬರುತ್ತಾನೆ. ಬೌದ್ಧರ ಪರವಾಗಿ ಗಡಿಗೆಯೊಳಗೆ ಗುಟ್ಟಾಗಿ ನೆಲೆಸಿದ್ದ ತಾರಾದೇವಿಯನ್ನು ಅಕಲಂಕ ವಾದದಲ್ಲಿ ಸೋಲಿಸಿದ ಎಂದು ಆ ಶಾಸನದಲ್ಲಿದೆ. ಇದೂ ಕಲ್ಲೇ. ಅಬಲೂರಿನ ಕಲ್ಲಿಗಿಂತ ಹಳೆಯದು. ಅಲ್ಲಿ ಜೈನರು ಬೌದ್ಧರನ್ನು ಗೆಲ್ಲುತ್ತಾರೆ, ಇಲ್ಲಿ ಶೈವರು ಜೈನರನ್ನು ಗೆಲ್ಲುತ್ತಾರೆ.

ತಮಿಳುನಾಡಿಗೆ ಹೋದರೆ ಮಧುರೆಯಲ್ಲಿ ತಿರುಜ್ಞಾನಸಂಬಂಧರ್ ಮತ್ತು ಜೈನರ ನಡುವೆ ಇಂಥದೇ ಪಣ. ಬೆಂಕಿಗೆ ಹಾಕಿದ ಸಂಬಂಧರ ಓಲೆ ಸುಡಲಿಲ್ಲ, ವೈಗೈ ನದಿಗೆ ಬಿಟ್ಟ ಓಲೆ ಪ್ರವಾಹಕ್ಕೆ ಎದುರಾಗಿ ಈಜಿತು, ಸೋತ ಜೈನರನ್ನು ಶೂಲಕ್ಕೇರಿಸಿದರು ಎಂದು ಹನ್ನೆರಡನೆಯ ಶತಮಾನದ ಸೇಕ್ಕಿಳಾರ್ ಪೆರಿಯಪುರಾಣದಲ್ಲಿ ಹೇಳುತ್ತಾನೆ. ಸಂಬಂಧರ್ ಇದ್ದದ್ದು ಏಳನೆಯ ಶತಮಾನದಲ್ಲಿ. ನಡುವೆ ಸುಮಾರು ಐನೂರು ವರ್ಷ. ನಮ್ಮ ಹರಿಹರನ ಆದಯ್ಯನ ರಗಳೆಯಲ್ಲಿಯೂ ಆದಯ್ಯ ಸೌರಾಷ್ಟ್ರದ ಸೋಮನಾಥನನ್ನು ಪುಲಿಗೆರೆಗೆ ತಂದು ಅಲ್ಲಿಯ ಬಸದಿಯಲ್ಲಿ ಪ್ರತಿಷ್ಠಾಪಿಸುವ ಕಥೆ ಇದೆ.

ದೈವವನ್ನು ಕಾರಣವೆಂದು ಒಪ್ಪುವುದಾದರೆ ಇವುಗಳಲ್ಲಿ ಯಾವುದನ್ನು ಒಪ್ಪಬೇಕು? ಎಲ್ಲವನ್ನೂ ಒಪ್ಪಿದರೆ ಶಿವನೂ ಗೆದ್ದ, ಜಿನನೂ ಗೆದ್ದ, ತಾರಾದೇವಿಯೂ ಗಡಿಗೆಯಲ್ಲಿ ಇದ್ದಳು. ಒಂದನ್ನೇ ಒಪ್ಪುವುದಾದರೆ ಸಾಮಾನ್ಯವಾಗಿ ನಾವು ಆರಿಸುವುದು ನಮ್ಮ ಮನೆಯದನ್ನು. ಇದನ್ನು ನಾನು ನನ್ನಲ್ಲೇ ನೋಡಿಕೊಂಡಿದ್ದೇನೆ. ಆಳಂದಿಯ ಜ್ಞಾನೇಶ್ವರರು ಕೋಣನ ಬಾಯಲ್ಲಿ ವೇದ ಹೇಳಿಸಿದ ಕಥೆಯನ್ನು ಮರಾಠಿ ಗೆಳತಿಯರು ಹೇಳಿದಾಗ ನನ್ನೊಳಗೆ ಒಂದು ಸಣ್ಣ ನಗು ಬರುತ್ತದೆ. ಶರಣರ ಕಥೆ ಬಂದಾಗ ಮಾತ್ರ "ಅದರ ಒಳಾರ್ಥ ಬೇರೆ" ಎಂದು ಗಂಭೀರಳಾಗುತ್ತೇನೆ. ಒಬ್ಬರ ಪವಾಡಕ್ಕೆ ನಗು, ಇನ್ನೊಬ್ಬರದಕ್ಕೆ ಕೈಮುಗಿತ ಎಂದಾದರೆ ಅದು ಅಭ್ಯಾಸವಲ್ಲ, ಪಕ್ಷಪಾತ. ನಿಯಮ ಒಂದೇ ಇರಬೇಕು, ನನ್ನ ಮನೆಯಿಂದಲೇ ಶುರುವಾಗಬೇಕು.

ಪವಾಡ ಮಾಡುವ ಕೆಲಸ

ಹಾಗಾದರೆ ಪವಾಡವನ್ನು ಗುಡಿಸಿ ಹೊರಗೆ ಹಾಕಿಬಿಡುವುದೇ? ಅದೂ ತಪ್ಪು. ಕಾರಣವಾಗಿ ಪವಾಡಕ್ಕೆ ಜಾಗವಿಲ್ಲ. ಆಧಾರವಾಗಿ ಅದಕ್ಕೆ ದೊಡ್ಡ ಜಾಗವಿದೆ. ಈ ಎರಡನ್ನೂ ಬೇರೆ ಮಾಡಿ ನೋಡಿದ ಮೇಲೆ ಅಬಲೂರಿನ ಶಾಸನ ನನಗೆ ಹೊಸದಾಗಿ ಕಂಡಿತು.

ಶಾಸನವನ್ನು ನಿಧಾನವಾಗಿ ಓದಿ. ತಲೆ ಮರಳಿ ಬಂತು. ಜೈನರು ಕಣ್ಣಾರೆ ಕಂಡರು. ಆದರೂ ಒಪ್ಪಲಿಲ್ಲ! ಶಾಸನವೇ ಹೇಳುವ ಮಾತು ಇದು. ಜಿನಬಿಂಬ ಬಿದ್ದದ್ದು ಪವಾಡದಿಂದಲ್ಲ, ಹೊಡೆದಾಟದಿಂದ. ಆ ಜಾಗ ಶೈವರಿಗೆ ಗಟ್ಟಿಯಾದದ್ದು ಬಿಜ್ಜಳನ ಜಯಪತ್ರದಿಂದ, ಮೂವರು ಅರಸರ ದತ್ತಿಗಳಿಂದ. ಪವಾಡವನ್ನು ಪೂರ್ತಿ ನಂಬಿದವರಿಗೂ ಅಬ್ಬಲೂರಿನ ಬದಲಾವಣೆಗೆ ಕಾರಣವಾಗಿ ಸಿಗುವುದು ಬಲ, ಕಾಗದ, ಭೂಮಿ.

ಹಾಗಿದ್ದರೆ ಕಲ್ಲು ಕೆತ್ತಿಸಿದವರಿಗೆ ಪವಾಡ ಏಕೆ ಬೇಕಾಯಿತು? ಒಂದು ಊರಿನ ಗೌಡನೂ ಅವನ ಜನರೂ ಪೂಜಿಸುತ್ತಿದ್ದ ಬಿಂಬವನ್ನು ಒಡೆದದ್ದಕ್ಕೆ ಸಮರ್ಥನೆ ಬೇಕಿತ್ತು. ಪಣ ಕಟ್ಟಿದವರು ಅವರು, ಓಲೆ ಬರೆದುಕೊಟ್ಟವರು ಅವರು, ಮಾತಿಗೆ ತಪ್ಪಿದವರು ಅವರು ಎಂದಾಗ ಒಡೆದವನು ತಪ್ಪಿತಸ್ಥನಾಗುವುದಿಲ್ಲ. ಕಥೆಯಲ್ಲಿ ಓಲೆಗೆ ಅಷ್ಟು ಮಹತ್ವ ಇರುವುದು ನನಗೆ ಇದರಿಂದಲೇ ಅರ್ಥವಾಗುತ್ತದೆ. ಶಿವನ ಕೃಪೆ ಇದ್ದರೂ ಬರಹದ ದಾಖಲೆಯೂ ಬೇಕು ಎಂದು ಹನ್ನೆರಡನೆಯ ಶತಮಾನದ ಜನ ಯೋಚಿಸುತ್ತಿದ್ದರು. ಅವರ ಕಾನೂನಿನ ಕಲ್ಪನೆ, ಸಾಕ್ಷಿಯ ಕಲ್ಪನೆ, ಭಕ್ತಿಯ ಪರಾಕಾಷ್ಠೆ ಎಂದರೆ ಏನೆಂಬ ಕಲ್ಪನೆ, ಎಲ್ಲವೂ ಆ ಏಳು ದಿನಗಳ ಕಥೆಯಲ್ಲಿ ತುಂಬಿವೆ. ಅದನ್ನು ಮೂಢನಂಬಿಕೆ ಎಂದು ಬದಿಗಿಟ್ಟರೆ ಇವೆಲ್ಲ ಕೈಬಿಟ್ಟು ಹೋಗುತ್ತವೆ.

ಅದನ್ನು ಹಾಗೇ ನಂಬಿಬಿಟ್ಟರೆ ಇನ್ನೊಂದು ಕೈಬಿಟ್ಟು ಹೋಗುತ್ತದೆ: ಸಂಕಗಾವುಂಡ. ಈ ಶಾಸನ ಗೆದ್ದವರು ಬರೆಸಿದ್ದು. ಸಂಕಗಾವುಂಡನ ಮನೆಯವರು ಆ ದಿನದ ಬಗ್ಗೆ ಏನು ಹೇಳುತ್ತಿದ್ದರು? ಓಲೆ ಬರೆದುಕೊಟ್ಟದ್ದು ನಿಜವೇ? ತೀರ್ಪು ಕೊಟ್ಟವನು ದೇವರೇ ಎಂದು ಒಪ್ಪಿದ ಮೇಲೆ ಸೋತವರ ಮಾತು ಕೇಳುವ ಅಗತ್ಯವೇ ಉಳಿಯುವುದಿಲ್ಲ. ದೈವವನ್ನು ಕಾರಣವಾಗಿ ತರುವುದರಲ್ಲಿ ನನಗೆ ಕಾಣುವ ದೊಡ್ಡ ಅಪಾಯ ಇದು. ಮಧುರೆಯ ಕಥೆಯಲ್ಲಿ ಅದು ಇನ್ನೂ ಸ್ಪಷ್ಟ. ಓಲೆ ಪ್ರವಾಹಕ್ಕೆ ಎದುರಾಗಿ ಈಜಿತು ಎಂದು ನಂಬಿದವರಿಗೆ ಶೂಲದ ಮಾತೂ ನ್ಯಾಯವಾಗಿಯೇ ಕಾಣುತ್ತದೆ. ಇತಿಹಾಸದ ವಿಧಾನ ಹಿಡಿದವರು "ಇದು ಐನೂರು ವರ್ಷದ ನಂತರದ ಬರಹ, ಆ ಕಾಲದ ಸಾಕ್ಷಿ ಎಲ್ಲಿದೆ?" ಎಂದು ಕೇಳುತ್ತಾರೆ. ಆ ಪ್ರಶ್ನೆ ಜೈನರನ್ನು ಹೇಗೋ ಹಾಗೆಯೇ ಶೈವರನ್ನೂ, ಮಾಡದಿದ್ದಿರಬಹುದಾದ ಒಂದು ಹತ್ಯೆಯ ಹೊರೆಯಿಂದ ಕಾಪಾಡುತ್ತದೆ.

ಕನ್ನಡ ನಾಡಿನಲ್ಲಿ ಮತಗಳ ಜಗಳ ಬೇರೆ ರೀತಿಯಲ್ಲಿ ಬಗೆಹರಿದದ್ದಕ್ಕೂ ಕಲ್ಲಿನ ಸಾಕ್ಷಿ ಇದೆ. 1368ರಲ್ಲಿ ಜೈನರು ಶ್ರೀವೈಷ್ಣವರ ಮೇಲೆ ವಿಜಯನಗರದ ಬುಕ್ಕರಾಯನಿಗೆ ದೂರು ಕೊಟ್ಟರು. ಶ್ರವಣಬೆಳಗೊಳದ ಶಾಸನದ ಪ್ರಕಾರ ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಎಂದು ಸಾರಿದ. ಜೈನರ ಮನೆಗಳಿಂದ ವರ್ಷಕ್ಕೆ ಒಂದು ಹಣದಂತೆ ಎತ್ತಿ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ಇಡಬೇಕು, ಉಳಿದದ್ದರಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂದು ವ್ಯವಸ್ಥೆಯಾಯಿತು. ಅಲ್ಲಿ ಯಾರ ತಲೆಯೂ ಹೋಗಲಿಲ್ಲ, ಮರಳಿ ಬರಲೂ ಇಲ್ಲ. ನಮ್ಮ ಮಕ್ಕಳಿಗೆ ಹೇಳುವ ಕಥೆಗಳಲ್ಲಿ ಈ ಕಲ್ಲು ಏಕೋ ಬರುವುದೇ ಇಲ್ಲ.

ಒಂದು ನ್ಯಾಯವಾದ ಆಕ್ಷೇಪ

ನಂಬುವವರ ಕಡೆಯಿಂದ ಒಂದು ಗಟ್ಟಿ ಆಕ್ಷೇಪವಿದೆ. "ದೈವವೇ ಇಲ್ಲ ಎಂದು ಮೊದಲೇ ತೀರ್ಮಾನಿಸಿ ಓದಲು ಕೂತರೆ ಅದೂ ಒಂದು ಮತವಲ್ಲವೇ?" ಎಂದು ಅವರು ಕೇಳುತ್ತಾರೆ. ವಸಾಹತು ಕಾಲದ ಕೆಲವು ಅಧಿಕಾರಿಗಳು, ಪಾದ್ರಿಗಳು ನಮ್ಮ ಪುರಾಣಗಳ ಬಗ್ಗೆ ತಾತ್ಸಾರದಿಂದ ಬರೆದದ್ದನ್ನು ಓದಿದರೆ ಈ ಸಿಟ್ಟು ಅರ್ಥವಾಗುತ್ತದೆ. ತಮ್ಮ ಮತದ ಪವಾಡಗಳಿಗೆ ಅವರು ಅದೇ ತಕ್ಕಡಿ ಹಿಡಿಯಲಿಲ್ಲ.

ಆದರೆ ವಿಧಾನ ಬೇರೆ, ತೀರ್ಪು ಬೇರೆ. ಇತಿಹಾಸ "ದೇವರು ಇಲ್ಲ" ಎಂದು ಹೇಳುವುದಿಲ್ಲ; ಹಾಗೆ ಹೇಳಲು ಅದಕ್ಕೆ ಅಧಿಕಾರವೂ ಇಲ್ಲ. ಅದು ಹೇಳುವುದು ಇಷ್ಟೇ: ಓಲೆ, ಕಲ್ಲು, ನಾಣ್ಯ, ಭಾಷೆ ಇವನ್ನು ತೂಗುವ ತಕ್ಕಡಿ ನನ್ನಲ್ಲಿದೆ, ಕೃಪೆಯನ್ನು ತೂಗುವ ತಕ್ಕಡಿ ನನ್ನಲ್ಲಿಲ್ಲ. ಅಕ್ಕಸಾಲಿಗನ ತಕ್ಕಡಿಯಲ್ಲಿ ತಾಯಿಯ ತಾಳಿಯನ್ನು ತೂಗಿದರೆ ಗ್ರಾಮಿನ ಲೆಕ್ಕ ಸಿಗುತ್ತದೆ. ಅದಕ್ಕಿಂತ ಹೆಚ್ಚಿನ ಬೆಲೆ ಅದಕ್ಕಿಲ್ಲ ಎಂದು ಯಾವ ಅಕ್ಕಸಾಲಿಗನೂ ಹೇಳಲಾರ. ಹಾಗೆಂದು ಮಮತೆಯನ್ನು ಸೇರಿಸಿ ಎರಡು ಗ್ರಾಮು ಹೆಚ್ಚು ಬರೆಯಲೂ ಬಾರದು. ವಿದ್ವಾಂಸರು ನಂಬುವವರಾಗಿರಬಹುದು, ನಂಬದವರಾಗಿರಬಹುದು. ಬರಹದಲ್ಲಿ ಇಬ್ಬರೂ ಒಂದೇ ತಕ್ಕಡಿ ಹಿಡಿಯಬೇಕು.

ಈ ತಕ್ಕಡಿ ಹಿಡಿಯುವುದು ನಮ್ಮ ನಾಡಿನಲ್ಲಿ ಅಗ್ಗವಾಗಿಲ್ಲ ಎಂಬುದನ್ನೂ ಹೇಳಬೇಕು. ಶರಣರ ಬದುಕಿನ ಬಗ್ಗೆ "ಮಾರ್ಗ" ಸಂಪುಟದಲ್ಲಿ ಬರೆದ ಕೆಲವು ಮಾತುಗಳಿಗಾಗಿ ಎಂ. ಎಂ. ಕಲಬುರ್ಗಿಯವರು 1989ರಲ್ಲಿ ಒತ್ತಡಕ್ಕೆ ಮಣಿದು ಅವನ್ನು ಹಿಂತೆಗೆದುಕೊಳ್ಳಬೇಕಾಯಿತು. ಅವರ ತೀರ್ಮಾನಗಳನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಅವು ತಪ್ಪಾಗಿದ್ದರೆ ತಿದ್ದಬೇಕಾದದ್ದು ಇನ್ನೊಂದು ಕಲ್ಲು, ಇನ್ನೊಂದು ಓಲೆ.

ಅಕ್ಕನ ನಿರ್ಧಾರ ಯಾರದು?

ಕೊನೆಯದಾಗಿ, ಇದು ಹೆಣ್ಣುಮಕ್ಕಳ ವೇದಿಕೆಯಾದ್ದರಿಂದ ನನಗೆ ತುಂಬ ಹತ್ತಿರವಾದ ಒಂದು ಉದಾಹರಣೆ. ಅಕ್ಕಮಹಾದೇವಿ. ಹರಿಹರನ ಮಹಾದೇವಿಯಕ್ಕನ ರಗಳೆಯಲ್ಲಿ ಅವಳು ಮೂಲತಃ ಕೈಲಾಸದ ರುದ್ರಕನ್ನಿಕೆ; ಭೂಮಿಗೆ ಬಂದು ಹುಟ್ಟುತ್ತಾಳೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅವಳು ಪಾರ್ವತಿಯ ಸಾತ್ತ್ವಿಕ ಕಳೆ. ಹರಿಹರನ ಅಕ್ಕ ಕರಾರು ಹಾಕಿ ಕೌಶಿಕನನ್ನು ಮದುವೆಯಾಗುತ್ತಾಳೆ. ಚಾಮರಸನ ಅಕ್ಕ ಮದುವೆಯಾಗುವುದೇ ಇಲ್ಲ. ಇಬ್ಬರು ಕವಿಗಳ ನಡುವೆ ಇಷ್ಟು ವ್ಯತ್ಯಾಸವಿದ್ದರೂ ಅವಳ ಕಥೆಯನ್ನು ಕೈಲಾಸದಿಂದ ಶುರು ಮಾಡುವುದರಲ್ಲಿ ಇಬ್ಬರೂ ಒಂದೇ.

ಕಾವ್ಯವಾಗಿ ಅದು ಚೆನ್ನ. ಆದರೆ ಒಬ್ಬ ಹೆಣ್ಣು ಅರಸನನ್ನು, ಅರಮನೆಯನ್ನು, ಕೊನೆಗೆ ಉಡುಗೆಯನ್ನೂ ಬಿಟ್ಟು ಒಬ್ಬಳೇ ಕಲ್ಯಾಣದ ಕಡೆ ನಡೆದದ್ದಕ್ಕೆ ಕಾರಣ ಕೈಲಾಸದಲ್ಲೇ ನಿಶ್ಚಯವಾಗಿತ್ತು ಎಂದರೆ ಅವಳು ಮಾಡಿದ್ದೇನು? ದೇವಕನ್ನಿಕೆಗೆ ಅದು ಸಹಜ, ನಮಗೆ ಸಾಧ್ಯವಿಲ್ಲ ಎಂದು ಕೈಮುಗಿದು ಸುಮ್ಮನಾಗಬಹುದು. ಅವಳೂ ನಮ್ಮ ಹಾಗೆ ಹುಟ್ಟಿದ ಹೆಣ್ಣು, ಹಸಿವು ಚಳಿ ಅವಮಾನ ಗೊತ್ತಿದ್ದವಳು, ಆದರೂ ಈ ದಾರಿ ಹಿಡಿದಳು ಎಂದಾಗ ಪ್ರಶ್ನೆಗಳು ಏಳುತ್ತವೆ. ಯಾವ ಸಮಾಜದಲ್ಲಿ ಅದು ಸಾಧ್ಯವಾಯಿತು? ಯಾರು ಅವಳನ್ನು ತಡೆದರು, ಯಾರು ಕೂರಿಸಿ ಮಾತಾಡಿಸಿದರು? ಒಬ್ಬ ಕವಿ ಅವಳಿಗೆ ಮದುವೆ ಮಾಡಿಸಿದ್ದೇಕೆ, ಇನ್ನೊಬ್ಬ ಅದನ್ನು ತಪ್ಪಿಸಿದ್ದೇಕೆ? ಉತ್ತರ ಕೈಲಾಸದಲ್ಲಿದೆ ಎಂದಾಗ ಈ ಪ್ರಶ್ನೆಗಳು ಹುಟ್ಟುವುದೇ ಇಲ್ಲ. ಅಕ್ಕನನ್ನು ದೇವಲೋಕದಿಂದ ಕೆಳಗಿಳಿಸಿದರೆ ಅವಳು ಚಿಕ್ಕವಳಾಗುತ್ತಾಳೆ ಎಂದು ಹಲವರಿಗೆ ಭಯ. ನನಗೆ ಅವಳು ಇನ್ನೂ ದೊಡ್ಡವಳಾಗಿ ಕಂಡಿದ್ದಾಳೆ.

ಅವ್ವನಿಗೆ

ಈಗ ಅವ್ವನ ಪ್ರಶ್ನೆಗೆ ಬರುತ್ತೇನೆ. ಅವ್ವಾ, ನಿಮ್ಮವ್ವ ಸುಳ್ಳು ಹೇಳಲಿಲ್ಲ. ಅವರು ತಮ್ಮ ಅವ್ವನಿಂದ ಕೇಳಿದ್ದನ್ನು ಹೇಳಿದರು. ಹಾಗೆ ನೂರಾರು ವರ್ಷ ಜನ ಒಂದು ಕಥೆಯನ್ನು ಕೈಮುಗಿದು ಹೇಳಿಕೊಂಡು ಬಂದದ್ದೇ ಇತಿಹಾಸದ ಒಂದು ಸತ್ಯ; ಅದನ್ನು ಯಾವ ವಿದ್ವಾಂಸರೂ ಅಳಿಸಲಾರರು, ಅಳಿಸಬಾರದು. ರಾಮಯ್ಯ ಇದ್ದದ್ದು ನಂಬಬಹುದಾದ ಮಾತು. ಅವನ ದೇವಾಲಯಕ್ಕೆ ಅರಸರು ಊರು ಬಿಟ್ಟದ್ದು ಕಲ್ಲಿನಲ್ಲಿ ಇದೆ. ಅಬ್ಬಲೂರಿನಲ್ಲಿ ಶೈವರಿಗೂ ಜೈನರಿಗೂ ದೊಡ್ಡ ಜಗಳವಾಗಿ ಒಂದು ಬಿಂಬ ಒಡೆದದ್ದೂ ಬಹುಮಟ್ಟಿಗೆ ಖರೆ. ತಲೆ ಮರಳಿ ಬಂದದ್ದು ಖರೆಯೋ ಎಂದರೆ, ಅದನ್ನು ತೂಗುವ ತಕ್ಕಡಿ ನಾನು ಓದಿದ ವಿದ್ಯೆಯಲ್ಲಿ ಇಲ್ಲ. ಇದೆ ಎಂದು ನಟಿಸಿದರೆ ನಿಮಗೂ ಮೋಸ, ವಿದ್ಯೆಗೂ ಮೋಸ.

ಈ ಬರಹದ ಕರಡನ್ನು ಮೊನ್ನೆ ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಸಂಕಗೌಡನ ಹೇಣ್ತಿ ಮಕ್ಕಳು ಆಮ್ಯಾಲ ಎಲ್ಲಿ ಹ್ವಾದರು?" ಎಂದು ಕೇಳಿದರು. ಇಷ್ಟು ದಿನ ಆ ಕಥೆ ಓದಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಮುಂದಿನ ಕೂಟಕ್ಕೆ ಅಬಲೂರಿನ ಸುತ್ತಲಿನ ಜೈನ ಶಾಸನಗಳನ್ನು ಓದ್ಕೊಂಡು ಬರ್ತೀನಿ ಎಂದು ಅವರಿಗೆ ಹೇಳಿದ್ದೇನೆ.